ದಿನಪತ್ರಿಕೆ ನಿಲ್ಲಿಸಿದ ತಂದೆಗೆ

ಸಕಲೇಶಪುರದ ಓದುಗರೊಬ್ಬರ ಮಗಳು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿದ್ದು, ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್ ಬರೆಯಲಿದ್ದಾಳೆ. ಸಾಲ ಮಾಡಿಯಾದರೂ ಅವಳನ್ನು ಬೆಂಗಳೂರಿನ ತರಬೇತಿ ಕೇಂದ್ರಕ್ಕೆ ಸೇರಿಸಬೇಕೇ ಎಂದು ಅವರು ಕೇಳಿದ್ದಾರೆ. ಹಣವೂ ಮಗಳ ಸಮಯವೂ ಉಳಿಯಲೆಂದು ಮನೆಗೆ ಬರುತ್ತಿದ್ದ ದಿನಪತ್ರಿಕೆಯನ್ನು ನಿಲ್ಲಿಸಿರುವುದಾಗಿಯೂ ಬರೆದಿದ್ದಾರೆ.

ಸಂಪಾದಕರ ಉತ್ತರ: ಮಾನ್ಯರೇ, ತರಬೇತಿ ಕೇಂದ್ರಗಳಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳಲಾರೆ. ಎರಡು ಗಂಟೆಯಲ್ಲಿ 120 ಪ್ರಶ್ನೆಗಳನ್ನು ಬಿಡಿಸಬೇಕು, ಪ್ರತಿ ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಗಡಿಯಾರವನ್ನು ಎದುರಿಗಿಟ್ಟುಕೊಂಡು ಮಾದರಿ ಪರೀಕ್ಷೆ ಬರೆಯುವ ರೂಢಿಯನ್ನು ಅವು ಮಾಡಿಸುತ್ತವೆ. ಅಷ್ಟು ಒಪ್ಪಿದೆ. ಆದರೆ ಪತ್ರಿಕೆ ನಿಲ್ಲಿಸಿದ ಸುದ್ದಿಯನ್ನು ತಾವು ಉಳಿತಾಯವೆಂಬಂತೆ ಬರೆದಿದ್ದೀರಲ್ಲ, ಅದನ್ನು ಮಾತ್ರ ಒಪ್ಪಲಾರೆ.

2008ರಲ್ಲಿ ಆರಂಭವಾದ ಈ ಪರೀಕ್ಷೆಯ ಸ್ವರೂಪ 2020ರಲ್ಲಿ ಬದಲಾಯಿತು. ಈಗ ಗಣಿತದ ಪಾಲು ಸುಮಾರು ಶೇಕಡಾ 10, ಅದೂ ಹತ್ತನೇ ತರಗತಿಯ ಮಟ್ಟದ್ದು. ಪ್ರಚಲಿತ ವಿದ್ಯಮಾನ ಮತ್ತು ಕಾನೂನು ತರ್ಕ ಸೇರಿದರೆ ಸುಮಾರು ಅರ್ಧ ಪ್ರಶ್ನೆಪತ್ರಿಕೆಯಾಯಿತು. ಉದ್ದನೆಯ ಗದ್ಯಭಾಗವೊಂದನ್ನು ಕೊಟ್ಟು, ಅದನ್ನು ಆಧರಿಸಿಯೇ ಪ್ರಶ್ನೆ ಕೇಳುತ್ತಾರೆ. ಕಾನೂನಿನ ಪೂರ್ವಜ್ಞಾನ ಬೇಕಿಲ್ಲ.

ನಮ್ಮ ಕಡೆಯದೇ ಸಂಗತಿಯನ್ನು ಕಲ್ಪಿಸಿಕೊಳ್ಳೋಣ. ಕಾಫಿ ತೋಟದ ಮಾಲೀಕನೊಬ್ಬ ಕಟ್ಟಿಸಿದ ಕೆರೆಯ ಏರಿ ಕಂಡುಕೇಳರಿಯದ ಮಳೆಗೆ ಒಡೆದು, ಕೆಳಗಿನ ಬಡ ರೈತನ ಗದ್ದೆ ಕೊಚ್ಚಿಹೋಯಿತು. ಅಪಾಯಕಾರಿ ವಸ್ತುವನ್ನು ತನ್ನ ಜಮೀನಿನಲ್ಲಿ ಕೂಡಿಟ್ಟವನು, ಎಚ್ಚರ ವಹಿಸಿದ್ದರೂ ಅದು ಹೊರಹೋಗಿ ಮಾಡಿದ ಹಾನಿಗೆ ಹೊಣೆ ಎಂಬ ನಿಯಮ ಇಂಗ್ಲೆಂಡಿನ 1868ರ ರೈಲ್ಯಾಂಡ್ಸ್ ಮೊಕದ್ದಮೆಯಿಂದ ಬಂದದ್ದು. ಅದೂ ಜಲಾಶಯ ಒಡೆದ ಪ್ರಕರಣವೇ. ಆದರೆ ಯಾರೂ ಊಹಿಸಲಾಗದ ಪ್ರಕೃತಿ ವಿಕೋಪಕ್ಕೆ ಅಲ್ಲಿ ವಿನಾಯಿತಿಯೂ ಉಂಟು. ಗದ್ಯಭಾಗದ ನಡುವೆಲ್ಲೋ ಅಡಗಿದ ಈ ಒಂದು ಸಾಲನ್ನು ಬಿಟ್ಟು ಓದಿದ ವಿದ್ಯಾರ್ಥಿ, ರೈತನ ಮೇಲಿನ ಮರುಕದಿಂದ ತಪ್ಪು ಉತ್ತರಕ್ಕೆ ಗುರುತು ಹಾಕುತ್ತಾನೆ. ಇಂಥ ಸಾಲನ್ನು ಹಿಡಿಯುವ ಕಣ್ಣು ಸಂಪಾದಕೀಯ ಪುಟದ ಎದುರು ದಿನವೂ ಅರ್ಧ ಗಂಟೆ ಕುಳಿತರೆ ಬರುತ್ತದೆ, ಸೂತ್ರಗಳ ಕೈಪಿಡಿಯಿಂದಲ್ಲ. ಹಾಸನದ ನ್ಯಾಯಾಲಯದಲ್ಲಿ ನನಗೆ ಪರಿಚಿತರಾದ ಹಿರಿಯ ವಕೀಲರೊಬ್ಬರು ಕಿರಿಯರಿಗೆ ಮೊದಲು ಕೊಡುವ ಕೆಲಸ ತೀರ್ಪೊಂದನ್ನು ಓದಿ, ಸೋತವನ ವಾದವನ್ನು ಒಂದು ಪುಟದಲ್ಲಿ ಬರೆದು ತರುವುದು. ಗೆದ್ದವನ ವಾದವನ್ನು ಅವರು ಕೇಳುವುದೇ ಇಲ್ಲ.

ಪರೀಕ್ಷೆ ಇಂಗ್ಲಿಷಿನಲ್ಲಿಯೇ ನಡೆಯುವುದರಿಂದ ಒಂದು ಇಂಗ್ಲಿಷ್ ಪತ್ರಿಕೆ ಬೇಕೇ ಬೇಕು. ಕನ್ನಡದ್ದನ್ನು ಅದಕ್ಕಾಗಿ ಬಿಡಬೇಡಿ. ತಮ್ಮ ಮಗಳು ವಾಣಿಜ್ಯದ ವಿದ್ಯಾರ್ಥಿನಿ ಎಂಬ ಅಳುಕೂ ಬೇಡ, ಪಿಯುಸಿಯ ಯಾವ ವಿಭಾಗದವರಾದರೂ ಬರೆಯಬಹುದು.

ಎರಡು ಪತ್ರಿಕೆ ತರಿಸುವುದು ಹೊರೆಯೆನಿಸಿದರೆ ಸಾರ್ವಜನಿಕ ಗ್ರಂಥಾಲಯವಿದೆ ಎನ್ನಬೇಕು, ಆದರೆ ಎಷ್ಟು ಊರುಗಳಲ್ಲಿ ಧೈರ್ಯವಾಗಿ ಹಾಗೆನ್ನಬಹುದು? 1965ರ ಕಾಯಿದೆಯ ಪ್ರಕಾರ ನಮ್ಮ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ವಸೂಲಿ ಮಾಡುತ್ತಾರೆ. ವಸೂಲಾದ ಹಣವನ್ನು ಗ್ರಂಥಾಲಯಕ್ಕೆ ಒಪ್ಪಿಸದೆ ಬಾಕಿ ಉಳಿಸಿಕೊಂಡ ಸ್ಥಳೀಯ ಸಂಸ್ಥೆಗಳು ರಾಜ್ಯದಲ್ಲಿ ಕಡಿಮೆಯಿಲ್ಲ. ಕಾಲೇಜುಗಳು ನೀಟ್, ಸಿಇಟಿ ಫಲಿತಾಂಶದ ಫಲಕಗಳಿಗೆ ತೋರುವ ಉತ್ಸಾಹದಲ್ಲಿ ಕಾಲುಭಾಗವನ್ನೂ ವಾಚನಾಲಯದ ಮೇಜಿಗೆ ತೋರುವುದಿಲ್ಲ. ಮುಂದಿನ ಸಲ ತೆರಿಗೆ ಕಟ್ಟುವಾಗ ರಸೀದಿಯಲ್ಲಿ ಆ ಕರದ ಮೊತ್ತವನ್ನು ನೋಡಿ, ಅದು ಯಾವ ಗ್ರಂಥಾಲಯಕ್ಕೆ ತಲುಪಿತೆಂದು ಮಗಳ ಕೈಯಲ್ಲೇ ಒಂದು ಮಾಹಿತಿ ಹಕ್ಕು ಅರ್ಜಿ ಬರೆಸಿ ಕಳುಹಿಸಿ. ಬಂದ ಉತ್ತರವನ್ನು ನಾವು ಪ್ರಕಟಿಸುತ್ತೇವೆ.