ಬ್ಯಾಟರಿ ಗ್ರಿಪ್ ಬೇಕಾ, ಬೇಡ್ವಾ? ನಿಮ್ಮ ಮೊಣಕೈಯನ್ನೇ ಕೇಳಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಬ್ಯಾಟರಿ ಗ್ರಿಪ್ ಬಗ್ಗೆ ಕೇಳಿದವೇ ಜಾಸ್ತಿ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಮೀಸಲು. ಗ್ರಿಪ್ ಅಂದರೆ ಕ್ಯಾಮೆರಾದ ಅಡಿಗೆ ಜೋಡಿಸುವ ಹಿಡಿಕೆ. ಒಳಗೆ ಸಾಮಾನ್ಯವಾಗಿ ಎರಡು ಬ್ಯಾಟರಿ ಕೂರುತ್ತವೆ. ಹೊರಗೆ ಇನ್ನೊಂದು ಶಟರ್ ಬಟನ್, ಇನ್ನೊಂದು ಡಯಲ್ ಇರುತ್ತವೆ.

ಪ್ರಶ್ನೆ: ನನ್ನ ಹತ್ತಿರ ಕ್ಯಾನನ್ 80ಡಿ ಇದೆ. ಹೆಚ್ಚಾಗಿ ಮಕ್ಕಳ ಪೋರ್ಟ್ರೇಟ್ ತೆಗೆಯುತ್ತೇನೆ. ಒಂದು ಸಲಕ್ಕೆ ಐದಾರು ನೂರು ಫೋಟೊ ಆಗುತ್ತವೆ. ಗ್ರಿಪ್ ಹಾಕಿದರೆ ಬ್ಯಾಟರಿ ಎರಡು ಪಟ್ಟು ಬರುತ್ತದೆ, ಕ್ಯಾಮೆರಾದ ವೇಗವೂ ಹೆಚ್ಚುತ್ತದೆ ಅಂತ ಗೆಳೆಯ ಹೇಳುತ್ತಾನೆ. ತೆಗೆದುಕೊಳ್ಳಲಾ?

ನಿಮ್ಮ ಗೆಳೆಯರು ಹೇಳಿದ ಮೊದಲನೇ ಮಾತು ನಿಜ. ಎರಡನೆಯದು ನಿಮ್ಮ ಕ್ಯಾಮೆರಾದ ಮಟ್ಟಿಗೆ ನಿಜವಲ್ಲ. ಮೂರನೇ ಒಂದು ಕಾರಣವಿದೆ, ಅದನ್ನು ಅವರು ಹೇಳೇ ಇಲ್ಲ. ನಾನು ಗ್ರಿಪ್ ಇಟ್ಟುಕೊಂಡಿರುವುದು ಆ ಮೂರನೇ ಕಾರಣಕ್ಕೆ.

ಮೊದಲು ಬ್ಯಾಟರಿ ಲೆಕ್ಕ ಮುಗಿಸೋಣ. 80ಡಿಯಲ್ಲಿ ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ, ನೋಡಿಕೊಂಡು ತೆಗೆದರೆ ತುಂಬಿದ ಒಂದು ಬ್ಯಾಟರಿಗೆ ಸುಮಾರು 960 ಫೋಟೊ ಎಂದು ಕಂಪನಿಯೇ ಹೇಳಿದೆ. ಹಿಂದಿನ ಪರದೆ ನೋಡಿಕೊಂಡು ಲೈವ್ ವ್ಯೂನಲ್ಲಿ ತೆಗೆದರೆ ಅದು 300ರ ಆಸುಪಾಸಿಗೆ ಇಳಿಯುತ್ತದೆ. ನಿಮಗೆ ಬೇಕಿರುವುದು ಐದಾರು ನೂರು. ವ್ಯೂಫೈಂಡರ್‌ನಲ್ಲೇ ತೆಗೆಯುವವರಾದರೆ ಒಂದೇ ಬ್ಯಾಟರಿ ಸಾಕು. ಧೈರ್ಯಕ್ಕೆ ಇನ್ನೊಂದು ಜೇಬಿನಲ್ಲಿರಲಿ. ಅದರ ತೂಕ 80 ಗ್ರಾಂ, ಬದಲಾಯಿಸಲು ಹತ್ತು ಸೆಕೆಂಡ್. ಬರೀ ಬ್ಯಾಟರಿಗಾಗಿ ಗ್ರಿಪ್ ಹೊರುವ ಅಗತ್ಯ ನಿಮಗಿಲ್ಲ.

ಇನ್ನು ವೇಗ. ಗ್ರಿಪ್ ಹಾಕಿದರೂ 80ಡಿ ಸೆಕೆಂಡಿಗೆ 7 ಫೋಟೊ, ತೆಗೆದಿಟ್ಟರೂ 7. ಈ ಮಾತು ಹುಟ್ಟಿದ್ದು ನಿಕಾನ್ ಬಳಸುವವರ ಕಡೆಯಿಂದ ಇರಬೇಕು. ಅಲ್ಲಿ ಅದು ನಿಜವೂ ಹೌದು. ನಿಕಾನ್ ಡಿ700 ತಾನೇ ಸೆಕೆಂಡಿಗೆ 5 ತೆಗೆಯುತ್ತಿತ್ತು, ಎಂಬಿ-ಡಿ10 ಗ್ರಿಪ್ ಹಾಕಿ ಅದರೊಳಗೆ ದೊಡ್ಡ ಬ್ಯಾಟರಿ ಇಟ್ಟರೆ 8 ತೆಗೆಯುತ್ತಿತ್ತು. ಡಿ850 ಕೂಡ 7ರಿಂದ 9ಕ್ಕೆ ಏರುತ್ತದೆ. ಇಲ್ಲಿ ಕೆಲಸ ಮಾಡುವುದು ಗ್ರಿಪ್‌ಗಿಂತ ಅದರೊಳಗಿನ ಬ್ಯಾಟರಿ. ಡಿ850ರ ಮಾಮೂಲಿ ಬ್ಯಾಟರಿ 7 ವೋಲ್ಟ್‌ನದು. ಆ ವೇಗಕ್ಕೆ ಬೇಕಾದ ದೊಡ್ಡ ಬ್ಯಾಟರಿ 10.8 ವೋಲ್ಟ್‌ನದು. ವೋಲ್ಟೇಜ್ ಜಾಸ್ತಿ ಸಿಕ್ಕಾಗ ಕ್ಯಾಮೆರಾ ಒಳಗಿನ ಕನ್ನಡಿ ಎತ್ತಿ ಇಳಿಸುವ, ಶಟರ್ ಎಳೆಯುವ ಮೋಟಾರುಗಳು ಇನ್ನೂ ಚುರುಕಾಗಿ ಓಡುತ್ತವೆ. ಅದೇ ಡಿ850 ಗ್ರಿಪ್‌ನಲ್ಲಿ ಮಾಮೂಲಿ ಬ್ಯಾಟರಿ ಹಾಕಿದರೆ ಮತ್ತೆ 7ಕ್ಕೇ ನಿಲ್ಲುತ್ತದೆ. ಫ್ಯೂಜಿಫಿಲ್ಮ್ ಎಕ್ಸ್-ಟಿ2 ಕೂಡ ತನ್ನ ಗ್ರಿಪ್ ಸಿಕ್ಕಾಗ 8ರಿಂದ 11ಕ್ಕೆ ಹೋಗುತ್ತದೆ. ಆದರೆ ಇಂಥ ಕ್ಯಾಮೆರಾಗಳು ಕೆಲವೇ ಕೆಲವು.

ಈಗ ಮೂರನೇ ಕಾರಣಕ್ಕೆ ಬರುತ್ತೇನೆ. ಕ್ಯಾಮೆರಾ ಕೈಗೆತ್ತಿಕೊಳ್ಳಿ. ಪೋರ್ಟ್ರೇಟ್‌ಗೆ ತಿರುಗಿಸುವ ಹಾಗೆ ಉದ್ದಕ್ಕೆ ತಿರುಗಿಸಿ. ಬಲಗೈ ಎಲ್ಲಿ ಹೋಯಿತು? ಕ್ಯಾಮೆರಾದ ಮೇಲಕ್ಕೆ, ಹಣೆಯ ಹತ್ತಿರಕ್ಕೆ, ಅಲ್ವಾ? ಮೊಣಕೈ ಗಾಳಿಯಲ್ಲಿ ತೂಗುತ್ತಿದೆ. ಮಣಿಕಟ್ಟು ಹಿಂದಕ್ಕೆ ಬಾಗಿದೆ. ಹಾಗೇ ಎರಡು ನಿಮಿಷ ನಿಲ್ಲಿ. ಭುಜ ಸಣ್ಣಗೆ ಎಳೆಯಲು ಶುರುವಾಗುತ್ತದೆ, ಫ್ರೇಮ್ ಒಂದು ಚೂರು ಓರೆಯಾಗುತ್ತದೆ. ಮಗು ಮಾತ್ರ ನಿಮಗಾಗಿ ಕಾಯುವುದಿಲ್ಲ.

ಗ್ರಿಪ್ ಇದ್ದರೆ ಕ್ಯಾಮೆರಾದ ಅಡಿಭಾಗವೇ ನಿಮ್ಮ ಬಲಗೈಗೆ ಬರುತ್ತದೆ. ತೋರುಬೆರಳಿನ ಕೆಳಗೆ ಶಟರ್, ಹೆಬ್ಬೆರಳಿನ ಕೆಳಗೆ ಫೋಕಸ್ ಬಟನ್. ಎರಡೂ ಮೊಣಕೈ ಪಕ್ಕೆಗೆ ಒತ್ತಿಕೊಂಡಿರುತ್ತವೆ. ಅಡ್ಡಕ್ಕೆ ಹೇಗೆ ಗಟ್ಟಿಯಾಗಿ ಹಿಡಿಯುತ್ತೀರೋ ಉದ್ದಕ್ಕೂ ಹಾಗೇ ಹಿಡಿಯಬಹುದು. ಬೆಳಕು ಕಡಿಮೆಯಾಗಿ ಶಟರ್ ವೇಗ 1/60 ಸೆಕೆಂಡಿಗೆ ಇಳಿದಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಅಡ್ಡಕ್ಕೆ ಹಿಡಿದಾಗಲೂ ಲಾಭ ಇದೆ. ಸಣ್ಣ ಕ್ಯಾಮೆರಾ ಬಾಡಿಗಳಲ್ಲಿ ಹಿಡಿಯಲು ಜಾಗ ಸಿಗದೆ ಅಡಿಗೆ ಸೇರಿಕೊಳ್ಳುವ ಕಿರುಬೆರಳಿಗೆ ಒಂದು ನೆಲೆ ಸಿಗುತ್ತದೆ. 70-200 ಎಂಎಂನಂಥ ಭಾರದ ಲೆನ್ಸ್ ಹಾಕಿದಾಗ ಕ್ಯಾಮೆರಾ ಮೂಗು ಮುಂದಕ್ಕೆ ಬಗ್ಗಿಸುವುದು ಕಡಿಮೆಯಾಗುತ್ತದೆ.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ನೀವು ಕೊನೆಯದಾಗಿ ತೆಗೆದ ಸಾವಿರ ಫೋಟೊ ತೆರೆದು ನೋಡಿ. ಉದ್ದಕ್ಕೆ ತೆಗೆದವು ಎಷ್ಟು ಅಂತ ಎಣಿಸಿ. ಮೂರರಲ್ಲಿ ಒಂದು ಪಾಲಾದರೂ ಇದ್ದರೆ ತೆಗೆದುಕೊಳ್ಳಿ, ಖಂಡಿತ ಉಪಯೋಗಕ್ಕೆ ಬರುತ್ತದೆ. ಹತ್ತರಲ್ಲಿ ಒಂದು ಅಂದರೆ ಬೇಡ. ಆ ಗ್ರಿಪ್ ಎರಡು ತಿಂಗಳು ಕ್ಯಾಮೆರಾದಲ್ಲಿ ಇರುತ್ತದೆ, ಆಮೇಲೆ ಬೀರುವಿನಲ್ಲಿ.

ಕೊಂಡರೆ ಮೆನುವಿನಲ್ಲಿ ಒಂದು ಸೆಟ್ಟಿಂಗ್ ಬದಲಿಸಿ. ಅಡ್ಡಕ್ಕೆ ಒಂದು ಫೋಕಸ್ ಪಾಯಿಂಟ್, ಉದ್ದಕ್ಕೆ ಇನ್ನೊಂದು ಎಂದು ನೆನಪಿಟ್ಟುಕೊಳ್ಳುವ ಸೌಲಭ್ಯ ನಿಮ್ಮ ಕ್ಯಾಮೆರಾದಲ್ಲಿದೆ. ಉದ್ದಕ್ಕೆ ಹಿಡಿದಾಗ ಪಾಯಿಂಟ್ ಮೇಲುಗಡೆ, ಕಣ್ಣು ಬರುವ ಜಾಗದಲ್ಲಿ ಇರಲಿ. ಕ್ಯಾಮೆರಾ ತಿರುಗಿಸಿದ ಕೂಡಲೇ ಪಾಯಿಂಟ್ ತಾನಾಗಿ ಅಲ್ಲಿಗೆ ಹಾರುತ್ತದೆ. ಗ್ರಿಪ್ ಜೊತೆ ಇದು ಸೇರಿದರೆ ಕೆಲಸ ಎಷ್ಟು ಹಗುರ ಅಂತ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ಪ್ರಶ್ನೆ: ಬೇರೆ ಕಂಪನಿಯ ಗ್ರಿಪ್ ಕೊಂಡೆ. ಮೊದಲ ವಾರ ಚೆನ್ನಾಗಿತ್ತು. ಈಗ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿದರೆ ಸಾಕು, ಒಮ್ಮೊಮ್ಮೆ ಆಫ್ ಆಗುತ್ತದೆ. ಬ್ಯಾಟರಿ ಎರಡೂ ತುಂಬಿರುತ್ತವೆ. ನನ್ನದೂ ಕ್ಯಾನನ್. ಕ್ಯಾಮೆರಾ ಕೆಟ್ಟಿದೆಯಾ?

ಗಾಬರಿ ಬೇಡ. ತಿರುಗಿಸಿದಾಗ ಮಾತ್ರ ಆಫ್ ಆಗುತ್ತದೆ ಎಂದು ಬರೆದಿದ್ದೀರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ಎಲ್ಲೋ ಏನೋ ಅಲುಗಾಡುತ್ತಿದೆ.

ಮೊದಲು ಗ್ರಿಪ್ ತೆಗೆದುಬಿಡಿ. ಬ್ಯಾಟರಿಯನ್ನು ನೇರವಾಗಿ ಕ್ಯಾಮೆರಾಕ್ಕೆ ಹಾಕಿ, ಗ್ರಿಪ್ ಹಾಕಲು ಬಿಚ್ಚಿಟ್ಟಿದ್ದ ಬ್ಯಾಟರಿ ಬಾಗಿಲನ್ನು ಮತ್ತೆ ಜೋಡಿಸಿ, ಒಂದು ದಿನ ಬಳಸಿ. ಆಫ್ ಆಗದಿದ್ದರೆ ಕ್ಯಾಮೆರಾ ಸರಿಯಾಗಿದೆ, ತೊಂದರೆ ಗ್ರಿಪ್‌ನದು ಅಥವಾ ಅದು ಕೂತಿರುವ ರೀತಿಯದು.

ಆಮೇಲೆ ಗ್ರಿಪ್ ಕೈಯಲ್ಲಿ ಹಿಡಿದು ಚೆನ್ನಾಗಿ ನೋಡಿ. ನಿಮ್ಮ ಮಾದರಿಯಲ್ಲಿ ಗ್ರಿಪ್‌ನಿಂದ ಒಂದು ಕೊಂಬು ಮೇಲಕ್ಕೆ ಎದ್ದಿರುತ್ತದೆ. ಬ್ಯಾಟರಿ ಇರಬೇಕಾದ ಗೂಡಿಗೆ ಅದು ಹೋಗಿ ಕೂರುತ್ತದೆ, ತುದಿಯಲ್ಲಿ ಲೋಹದ ಕಾಂಟ್ಯಾಕ್ಟ್‌ಗಳು ಇರುತ್ತವೆ. ಕೊಂಬಿನ ಬುಡದ ಹತ್ತಿರ ಒಂದು ಪುಟ್ಟ ಪ್ಲಾಸ್ಟಿಕ್ ಮೂತಿ ಕೂಡ ಕಾಣಬಹುದು. ಅದರ ಕೆಲಸ ತುಂಬಾ ಮುಖ್ಯ. ಬ್ಯಾಟರಿ ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ತಿಳಿಯಲು ಕ್ಯಾಮೆರಾ ಒಳಗೆ ಅಕ್ಕಿಕಾಳಿನಷ್ಟು ಚಿಕ್ಕ ಸ್ವಿಚ್ ಇರುತ್ತದೆ. ಗ್ರಿಪ್ ಹಾಕಿದಾಗ ಬಾಗಿಲು ಇರುವುದಿಲ್ಲ. ಆಗ ಆ ಸ್ವಿಚ್ಚನ್ನು ಒತ್ತಿ ಹಿಡಿಯುವುದು ಈ ಮೂತಿಯೇ. ಗ್ರಿಪ್ ಕೂದಲೆಳೆಯಷ್ಟು ಕೆಳಗೆ ಜಗ್ಗಿದರೂ ಸ್ವಿಚ್ ಬಿಟ್ಟುಕೊಳ್ಳುತ್ತದೆ. ಬಾಗಿಲು ತೆರೆಯಿತು ಅಂದುಕೊಂಡು ಕ್ಯಾಮೆರಾ ಆಫ್ ಆಗುತ್ತದೆ.

ಜಗ್ಗುವುದು ಯಾಕೆ? ಇಡೀ ಗ್ರಿಪ್ ಕ್ಯಾಮೆರಾಕ್ಕೆ ಅಂಟಿಕೊಂಡಿರುವುದು ಒಂದೇ ಒಂದು ತಿರುಪಿನಿಂದ. ಟ್ರೈಪಾಡ್ ಕೂರಿಸುವ ಕಾಲು ಇಂಚಿನ ರಂಧ್ರಕ್ಕೆ ಅದು ಹೋಗುತ್ತದೆ. ಹೊರಗೆ ಒಂದು ಹಲ್ಲುಚಕ್ರ ತಿರುಗಿಸಿ ಬಿಗಿ ಮಾಡುತ್ತೇವೆ. ದಿನವಿಡೀ ಎತ್ತಿ, ಇಳಿಸಿ, ತಿರುಗಿಸುವಾಗ ಅದು ನಿಧಾನವಾಗಿ ಸಡಿಲವಾಗುತ್ತದೆ.

ಇದನ್ನು ನಾನು ಕಲಿತದ್ದು ಒಂದು ನೃತ್ಯ ಕಾರ್ಯಕ್ರಮದಲ್ಲಿ. ನಾನೂ ಆಗ ಬೇರೆ ಕಂಪನಿಯ ಗ್ರಿಪ್ಪೇ ಹಾಕಿದ್ದೆ. ಕೊನೆಯ ನೃತ್ಯ ನಡೆಯುತ್ತಿತ್ತು. ಕಲಾವಿದೆ ಒಂಟಿ ಕಾಲಲ್ಲಿ ನಿಂತು ಕೈ ಮೇಲೆತ್ತಿದರು. ನಾನು ಕ್ಯಾಮೆರಾ ಉದ್ದಕ್ಕೆ ತಿರುಗಿಸಿದೆ. ವ್ಯೂಫೈಂಡರ್ ಒಳಗಿನ ಅಂಕಿಗಳೆಲ್ಲ ಒಟ್ಟಿಗೇ ಮಾಯವಾದವು. ಬ್ಯಾಟರಿ ಮುಗಿಯಿತು ಅಂದುಕೊಂಡು ಟ್ರೇ ಎಳೆದು, ಬೇರೆ ಬ್ಯಾಟರಿ ತುರುಕಿದೆ. ಮತ್ತೆ ಆನ್ ಆಯಿತು, ಮತ್ತೆ ಆಫ್ ಆಯಿತು. ಆ ಹೊತ್ತಿಗೆ ನೃತ್ಯ ಮುಗಿದು ಚಪ್ಪಾಳೆ ಬೀಳುತ್ತಿತ್ತು. ಹೊರಗೆ ಬಂದು ನೋಡಿದರೆ ಚಕ್ರ ಮುಕ್ಕಾಲು ಸುತ್ತು ಬಿಟ್ಟುಕೊಂಡಿತ್ತು. ಆ ಒಂದು ಭಂಗಿ ನನಗೆ ಸಿಗಲೇ ಇಲ್ಲ. ಅಂದಿನಿಂದ ಗಂಟೆಗೊಮ್ಮೆ ಹೆಬ್ಬೆರಳಿನಿಂದ ಆ ಚಕ್ರ ಮುಟ್ಟಿ ನೋಡುವುದು ಅಭ್ಯಾಸವಾಗಿದೆ.

ಬಿಗಿ ಮಾಡುವಾಗ ಬೆರಳಿನ ಬಲ ಸಾಕು. ನಾಣ್ಯ, ಇಕ್ಕಳ ಹಾಕಿ ತಿರುಗಿಸಬೇಡಿ. ಕ್ಯಾಮೆರಾದ ರಂಧ್ರದೊಳಗಿನ ತಿರುಪಿನ ಸುರುಳಿ (ಥ್ರೆಡ್) ಕಿತ್ತುಹೋದರೆ ಅದು ದೊಡ್ಡ ರಿಪೇರಿ. ಬಿಗಿ ಮಾಡುವ ಮುಂಚೆ ಗ್ರಿಪ್ ಓರೆಯಾಗಿಲ್ಲವೇ, ನಡುವೆ ಸಂದಿ ಕಾಣುತ್ತಿದೆಯೇ ನೋಡಿ. ಸ್ವಲ್ಪ ಬಿಗಿ ಮಾಡಿ, ಗ್ರಿಪ್ಪನ್ನು ಅಂಗೈಯಿಂದ ಮೇಲಕ್ಕೆ ಒತ್ತಿ ಹಿಡಿದು, ಮತ್ತೆ ಬಿಗಿ ಮಾಡಿ.

ಇಷ್ಟಾದರೂ ಆಫ್ ಆಗುತ್ತಿದ್ದರೆ ಕಾಂಟ್ಯಾಕ್ಟ್‌ಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಒಂದು ಸಲಕ್ಕೆ ಒಂದೇ ಬ್ಯಾಟರಿ ಹಾಕಿ ನೋಡಿ. ಒಂದೇ ಬ್ಯಾಟರಿಯಿಂದಲೂ ಗ್ರಿಪ್ ಕೆಲಸ ಮಾಡುತ್ತದೆ, ಹಾಗಾಗಿ ಯಾವುದು ಕೈಕೊಡುತ್ತಿದೆ ಅಂತ ಸುಲಭವಾಗಿ ಸಿಕ್ಕಿಬೀಳುತ್ತದೆ. ಕ್ಯಾಮೆರಾದ ಮೆನುವಿನಲ್ಲಿ ಬ್ಯಾಟರಿ ಇನ್ಫೋ ಇದ್ದರೆ ಎರಡರ ಸ್ಥಿತಿಯನ್ನೂ ಅಲ್ಲೇ ನೋಡಬಹುದು. ಎರಡೂ ಸರಿಯಿದ್ದು, ಕೊಂಬೇ ಗೂಡಿನಲ್ಲಿ ಲೊಡಲೊಡ ಅನ್ನುತ್ತಿದ್ದರೆ ಆ ಗ್ರಿಪ್ ವಾಪಸ್ ಕೊಡಿ. ಕಾಗದ ಮಡಚಿ ತುರುಕಿ ಸರಿ ಮಾಡಲು ಹೋಗಬೇಡಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಬೇಕು. ಗ್ರಿಪ್‌ನ ಅಡಿಯ ರಂಧ್ರಕ್ಕೆ ಸಿಕ್ಕಿಸಿ ಹೆಗಲಿಗೆ ನೇತುಹಾಕುವ ಪಟ್ಟಿಗಳಿವೆಯಲ್ಲ, ಭಾರದ ಲೆನ್ಸ್ ಇದ್ದಾಗ ಅವನ್ನು ಹಾಗೆ ಹಾಕಬೇಡಿ. ಆಗ ಕ್ಯಾಮೆರಾ, ಲೆನ್ಸ್ ಎರಡೂ ಅದೇ ಒಂದು ತಿರುಪಿನ ಮೇಲೆ ತೂಗುತ್ತವೆ. ಬಾಡಿಯ ಪಕ್ಕದ ಕಿವಿಗಳಿಗೆ ಪಟ್ಟಿ ಕಟ್ಟಿ, ಇಲ್ಲವೇ ಟ್ರೈಪಾಡ್‌ಗೆ ಜೋಡಿಸಲು ಲೆನ್ಸ್‌ಗೇ ಇರುವ ಕಾಲಿಗೆ ಸಿಕ್ಕಿಸಿ. ಇದೇ ಕಾರಣಕ್ಕೆ ರಾತ್ರಿ ಆಕಾಶದಂಥ ದೀರ್ಘ ಎಕ್ಸ್‌ಪೋಶರ್ ತೆಗೆಯುವಾಗ ನಾನು ಗ್ರಿಪ್ ಬಿಚ್ಚಿ ಬಾಡಿಯನ್ನೇ ಟ್ರೈಪಾಡ್ ಮೇಲೆ ಕೂರಿಸುತ್ತೇನೆ. ನಡುವೆ ಒಂದು ಜೋಡಣೆ ಕಡಿಮೆಯಾದಷ್ಟೂ ಅಲುಗಾಟ ಕಡಿಮೆ.

ಪ್ರಶ್ನೆ: ಗ್ರಿಪ್ ಜೊತೆ ಎಎ ಸೆಲ್ ಹಾಕುವ ಟ್ರೇ ಕೊಟ್ಟಿದ್ದಾರೆ. ಅದನ್ನು ಬಳಸಬಹುದಾ?

ಬಳಸಬಹುದು, ಆಪತ್ಕಾಲಕ್ಕೆ. ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲೇ ಹಾಕಿ. ಒಂದಕ್ಕೆ 1.2 ವೋಲ್ಟ್, ಆರು ಸೇರಿದರೆ 7.2. ಕ್ಯಾನನ್‌ನ ಮಾಮೂಲಿ ಲಿಥಿಯಂ ಬ್ಯಾಟರಿಯೂ 7.2 ವೋಲ್ಟೇ. ಆಲ್ಕಲೈನ್ ಸೆಲ್ ಶುರುವಿನಲ್ಲಿ 1.5 ವೋಲ್ಟ್ ತೋರಿಸಿದರೂ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದಾಗ ಸೋತುಹೋಗುತ್ತದೆ. ಚಳಿಯಲ್ಲಂತೂ ಇನ್ನೂ ಬೇಗ. ಹಳೆಯದು ಹೊಸದು ಬೆರೆಸಬೇಡಿ. ಕೆಲಸ ಮುಗಿದ ದಿನವೇ ತೆಗೆದಿಡಿ. ಮರೆತ ಆಲ್ಕಲೈನ್ ಸೆಲ್ ಸೋರಿದರೆ ಟ್ರೇಯ ಸ್ಪ್ರಿಂಗುಗಳೆಲ್ಲ ಹಾಳು.

ಪ್ರಶ್ನೆ: ನಿಕಾನ್ ಝಡ್6 ಇದೆ. ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಭಾಷಣಗಳ ವಿಡಿಯೊ ಕೂಡ ಮಾಡುತ್ತೇನೆ. ಗ್ರಿಪ್ ತೆಗೆದುಕೊಳ್ಳಲಾ, ಪವರ್ ಬ್ಯಾಂಕ್ ಸಾಕಾ?

ನಿಮ್ಮ ಕ್ಯಾಮೆರಾಗೆ ಸಿಗುವ ಎಂಬಿ-ಎನ್10 ಗ್ರಿಪ್ ಬಗ್ಗೆ ಒಂದು ವಿಷಯ ಮೊದಲೇ ತಿಳಿದಿರಲಿ. ಅದರಲ್ಲಿ ಶಟರ್ ಬಟನ್ ಇಲ್ಲ, ಡಯಲ್ ಇಲ್ಲ. ಎರಡು ಬ್ಯಾಟರಿ ಹಿಡಿಸುವ ಹಿಡಿಕೆ, ಅಷ್ಟೇ. ಮೇಲೆ ನಾನು ಅಷ್ಟೊಂದು ಹೊಗಳಿದ ಲಾಭ ನಿಮಗೆ ಸಿಗುವುದಿಲ್ಲ. ಬಟನ್ ಇರುವ ಎಂಬಿ-ಎನ್11 ಬಂದದ್ದು ಝಡ್6 II ಮತ್ತು ಝಡ್7 IIಗೆ. ನಿಮ್ಮದರಂಥ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಕೊಳ್ಳುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಫ್ಯೂಜಿಫಿಲ್ಮ್ ಎಕ್ಸ್-ಟಿ5ಗಂತೂ ಬ್ಯಾಟರಿ ಗ್ರಿಪ್ಪೇ ಇಲ್ಲ.

ಝಡ್6ಗೆ ಒಂದು ಬ್ಯಾಟರಿಯಲ್ಲಿ ಸುಮಾರು 310 ಫೋಟೊ ಎಂದು ಬರೆದಿರುತ್ತದೆ. ನೋಡಿದರೆ ಭಯವಾಗುತ್ತದೆ. ಆದರೆ ಮಿರರ್‌ಲೆಸ್‌ನಲ್ಲಿ ಬ್ಯಾಟರಿ ತಿನ್ನುವುದು ಫೋಟೊಗಿಂತ ಹೆಚ್ಚಾಗಿ ಸಮಯ. ಸೆನ್ಸರ್ ಮತ್ತು ಪರದೆ ಉರಿಯುತ್ತಲೇ ಇರುತ್ತವೆ. ಬಟನ್ ಒತ್ತಿ ಹಿಡಿದು ಒಂದೇ ಸಮನೆ ಬರ್ಸ್ಟ್ ಹೊಡೆದರೆ ಅದೇ ಬ್ಯಾಟರಿಯಲ್ಲಿ ಸಾವಿರ ದಾಟುವುದೂ ಉಂಟು. ತೆಗೆಯದೇ ಇರುವಾಗ ಆಫ್ ಮಾಡುವ ಅಭ್ಯಾಸ ಮಾಡಿಕೊಳ್ಳಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ವಿಡಿಯೊಗೆ ಪವರ್ ಬ್ಯಾಂಕ್ ನಿಮಗೆ ಕೆಲಸಕ್ಕೆ ಬಾರದು. ಮೊದಲ ಝಡ್6 ಆಫ್ ಇರುವಾಗ ಮಾತ್ರ ಯುಎಸ್‌ಬಿಯಿಂದ ಚಾರ್ಜ್ ಆಗುತ್ತದೆ, ಆನ್ ಇರುವಾಗ ಅದರಿಂದ ನಡೆಯುವುದಿಲ್ಲ. ಝಡ್6 IIರಲ್ಲಿ ನಡೆಯುತ್ತದೆ. ಭಾಷಣ ಅಂದರೆ ಕ್ಯಾಮೆರಾ ಟ್ರೈಪಾಡ್ ಮೇಲೆ ಒಂದೇ ಕಡೆ ಇರುತ್ತದೆ. ಹತ್ತಿರದಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಡಮ್ಮಿ ಬ್ಯಾಟರಿಯೇ ಸರಿಯಾದ ದಾರಿ. ಬ್ಯಾಟರಿಯ ಆಕಾರದ್ದೇ ಒಂದು ತುಂಡು ಗೂಡಿಗೆ ಹೋಗುತ್ತದೆ, ಅದರ ವೈರ್ ಹೊರಗೆ ಬರುತ್ತದೆ. ನಿಮ್ಮ ಬ್ಯಾಟರಿ ಬಾಗಿಲ ಅಂಚಿನಲ್ಲಿರುವ ಪುಟ್ಟ ರಬ್ಬರ್ ಮುಚ್ಚಳ ಆ ವೈರ್‌ಗಾಗಿಯೇ ಇರುವುದು. ಆದರೆ ಬ್ಯಾಟರಿ ಎಷ್ಟೇ ಇದ್ದರೂ ಝಡ್6 ಒಂದು ಸಲಕ್ಕೆ 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ನಿಲ್ಲಿಸುತ್ತದೆ. ಗಡಿಯಾರದ ಮೇಲೆ ಕಣ್ಣಿಡಿ, ಭಾಷಣಕಾರರು ನೀರು ಕುಡಿಯುವಾಗ ನಿಲ್ಲಿಸಿ ಮತ್ತೆ ಶುರು ಮಾಡಿ.

ಪ್ರಶ್ನೆ: ವಿಮಾನದಲ್ಲಿ ಹೋಗುವಾಗ ಗ್ರಿಪ್ ಮತ್ತು ಹೆಚ್ಚಿನ ಬ್ಯಾಟರಿಗಳನ್ನು ಎಲ್ಲಿಡಬೇಕು?

ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಮಾಡುವ ಲಗೇಜಿನಲ್ಲಿ ಬಿಡುವುದಿಲ್ಲ. 100 ವಾಟ್-ಅವರ್ ಒಳಗಿನವಕ್ಕೆ ಸಾಮಾನ್ಯವಾಗಿ ವಿಮಾನ ಕಂಪನಿಯ ವಿಶೇಷ ಅನುಮತಿ ಬೇಕಿಲ್ಲ. ಮೇಲೆ ಹೇಳಿದ ಕ್ಯಾನನ್, ನಿಕಾನ್ ಕ್ಯಾಮೆರಾಗಳ ಮಾಮೂಲಿ ಬ್ಯಾಟರಿಗಳು 14-16 ವಾಟ್-ಅವರ್ ಅಷ್ಟೇ. ಎಷ್ಟು ಬ್ಯಾಟರಿ ಒಯ್ಯಬಹುದು ಅಂತ ಟಿಕೆಟ್ ಕೊಟ್ಟ ಕಂಪನಿಯ ನಿಯಮ ಒಮ್ಮೆ ನೋಡಿಕೊಳ್ಳಿ. ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಮುಚ್ಚಳ ಹಾಕಿ, ಇಲ್ಲದಿದ್ದರೆ ಕಾಂಟ್ಯಾಕ್ಟ್ ಮೇಲೆ ಟೇಪ್ ಅಂಟಿಸಿ. ಆ ಟೇಪ್ ಮೇಲೆ 1, 2 ಎಂದು ಬರೆದುಬಿಡಿ. ಒಟ್ಟಿಗೆ ಕೊಂಡ ಜೋಡಿ ಗ್ರಿಪ್‌ನಲ್ಲೂ ಒಟ್ಟಿಗೇ ಇರಲಿ. ಮನೆಗೆ ಬಂದ ಮೇಲೆ ತಿಂಗಳುಗಟ್ಟಲೆ ಬಳಸುವುದಿಲ್ಲ ಅಂತಾದರೆ ಎರಡನ್ನೂ ಗ್ರಿಪ್‌ನಿಂದ ತೆಗೆದು, ಅರ್ಧ ಚಾರ್ಜ್‌ನಲ್ಲಿ, ತಂಪಾದ ಜಾಗದಲ್ಲಿ ಇಡಿ. ಕ್ಯಾಮೆರಾದಿಂದ ಬಿಚ್ಚಿದ ಬ್ಯಾಟರಿ ಬಾಗಿಲನ್ನೂ ಗ್ರಿಪ್ ಜೊತೆಗೇ ಇಟ್ಟುಕೊಳ್ಳಿ.