ಮಷೀನಿನ ಮೇಲೆ ಟೀವಿ ಕೂತಿದ್ದು ಯಾಕೆ?

ಹಾವೇರಿ ಜಿಲ್ಲೆಯ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ನಮ್ಮ ಮಹಿಳಾ ಸಂಘದಿಂದ ಊರಿನ ಇಪ್ಪತ್ತು ಹೆಣ್ಣುಮಕ್ಕಳಿಗೆ ಮೂರು ತಿಂಗಳು ಹೊಲಿಗೆ ಕಲಿಸಿದೆವು. ದಾನಿಗಳಿಂದ ಮಷೀನೂ ಕೊಡಿಸಿದೆವು. ಈಗ ನಾಲ್ಕು ಜನ ಮಾತ್ರ ಹೊಲಿಯುತ್ತಿದ್ದಾರೆ. ಉಳಿದವರ ಮಷೀನಿನ ಮೇಲೆ ಟೀವಿ ಕೂತಿದೆ. ಇವರಿಗೆ ಆಸಕ್ತಿಯೇ ಇಲ್ಲವೇ? ಜೂನ್‌ನಲ್ಲಿ ಇನ್ನೊಂದು ಬ್ಯಾಚ್ ಮಾಡೋಣವೇ? ಕಸೂತಿಯನ್ನೂ ಸೇರಿಸಿದರೆ ಹೇಗೆ?"

ಮೇಡಂ, ಆಸಕ್ತಿ ಇಲ್ಲ ಅನ್ನುವ ಮಾತನ್ನು ನಾನು ಒಪ್ಪಲಾರೆ. ಅಡುಗೆ, ದನಕರು, ಹೊಲ ಎಲ್ಲ ಮುಗಿಸಿ ಮೂರು ತಿಂಗಳು ಕ್ಲಾಸಿಗೆ ಬಂದವರು ಅವರು. ಸುಮ್ನೆ ಯಾರು ಬರ್ತಾರೆ ಹೇಳಿ? ಹೊಲಿಯುವುದು ಅವರಿಗೆ ಬರುತ್ತದೆ. ಬೇರೆಯವರ ಬಟ್ಟೆಗೆ ಕತ್ತರಿ ಹಾಕಲು ಹೆದರುತ್ತಾರೆ, ಅಷ್ಟೇ.

ಆ ಹೆದರಿಕೆಗೆ ಕಾರಣವೂ ಇದೆ. ಸೀರೆಯ ಜೊತೆ ಬರುವ ಬ್ಲೌಸ್ ಪೀಸ್ ಮುಕ್ಕಾಲು ಮೀಟರಿನ ಆಸುಪಾಸು ಇರುತ್ತದೆ. ಅದೇ ಬಣ್ಣ, ಅದೇ ಅಂಚು ಇನ್ನೊಂದು ಅಂಗಡಿಯಲ್ಲಿ ಸಿಗುವುದಿಲ್ಲ. ಕಂಕುಳ ಹತ್ತಿರ ಕತ್ತರಿ ಅರ್ಧ ಇಂಚು ಒಳಗೆ ಹೋದರೆ ಕತೆ ಮುಗಿಯಿತು. ಅದನ್ನು ತಂದುಕೊಟ್ಟವಳು ಎದುರುಮನೆಯಾಕೆ, ದಿನಾ ಮುಖ ನೋಡಬೇಕು. ಹಾಗಾಗಿ "ಅಕ್ಕಾರ, ಪ್ಯಾಟಿ ಟೇಲರ್ ಕಡೆನ ಕೊಡ್ರಿ" ಎಂದು ಜಾರಿಕೊಳ್ಳುತ್ತಾರೆ. ಹೀಗೆ ನಾಲ್ಕು ಸಲ ವಾಪಸ್ ಕಳಿಸಿದರೆ ಐದನೆಯವಳು ಬರುವುದೇ ಇಲ್ಲ.

ನಮ್ಮ ಬಹುಪಾಲು ತರಬೇತಿಗಳ ಕ್ರಮ ಗೊತ್ತಲ್ಲ. ಪೆಡಲ್ ತುಳಿಯುವುದು, ನೇರ ಹೊಲಿಗೆ, ಮಗುವಿನ ಜಬಲಾ, ಲಂಗ, ನೈಟಿ. ಬ್ಲೌಸ್ ಕಟಿಂಗ್ ಕೊನೆಗೆ, ಅದೂ ಅವಸರದಲ್ಲಿ. ಹಳ್ಳಿಯಲ್ಲಿ ದುಡ್ಡು ಬರುವುದು ಬ್ಲೌಸಿನಿಂದ. ಅದಕ್ಕೇ ಸಮಯ ಇಲ್ಲ ಅಂದರೆ ಹೇಗೆ? ಮೊದಲ ವಾರದಿಂದಲೇ ಪೇಪರ್ ಕಟಿಂಗ್ ಶುರು ಮಾಡಿಸಿ. ಆಮೇಲೆ ಹಳೆಯ ಸೀರೆ, ಆಮೇಲೆ ಅಗ್ಗದ ಪಾಪ್ಲಿನ್. ಒಬ್ಬೊಬ್ಬರೂ ಬಟ್ಟೆ ಕೆಡಿಸಲಿ, ಕ್ಲಾಸಿನಲ್ಲೇ ಕೆಡಿಸಲಿ. ಆ ಖರ್ಚನ್ನು ಸಂಘವೇ ಹೊರಬೇಕು. ದಾನಿಗಳಿಗೆ ಮಷೀನಿನ ಫೋಟೊ ಚೆನ್ನಾಗಿ ಬರುತ್ತದೆ, ಕೆಟ್ಟ ಬಟ್ಟೆಯದು ಬರುವುದಿಲ್ಲ, ಅದು ಬೇರೆ ಮಾತು!

ಲೆಕ್ಕದ ಭಯವೂ ಒಂದಿದೆ. ಎದೆ ಸುತ್ತಳತೆ 33 ಇಂಚು, ಅದರ ಕಾಲು ಭಾಗ ಎಷ್ಟು ಅಂದರೆ ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ತಡವರಿಸುತ್ತಾಳೆ. ಟೇಪನ್ನು 33ರ ಗುರುತಿಗೆ ಹಿಡಿದು ಎರಡು ಮಡಿಕೆ ಮಾಡಿ, ಮತ್ತೆ ಎರಡು ಮಡಿಕೆ ಮಾಡಲು ಹೇಳಿಕೊಡಿ. ಎಂಟೂಕಾಲು ತಾನಾಗಿ ಕೈಗೆ ಬರುತ್ತದೆ. ಅದಕ್ಕೆ ಒಳಗಡೆ ಒಂದೂವರೆ ಇಂಚು ಜಾಸ್ತಿ ಬಿಟ್ಟು ಕತ್ತರಿಸಿದರೆ ಬಿಗಿಯಾದರೂ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದು. ಇದು ತಿಳಿದರೆ ಅರ್ಧ ಧೈರ್ಯ ಬಂದ ಹಾಗೆ.

ಇನ್ನೊಂದು. ಕ್ಲಾಸಿನಲ್ಲಿ ಮೈ ಅಳತೆ ತೆಗೆಯಲು ಕಲಿಸುತ್ತಾರೆ. ಊರಲ್ಲಿ ಬರುವುದು ಅಳತೆ ಬ್ಲೌಸು. "ಇದರ ಹಂಗ ಹೊಲಿ, ಆದ್ರ ತೋಳು ಚೂರು ಸಡಿಲ ಇರ್ಲಿ" ಅಂತಾರೆ. ಆ ಹಳೆಯ ಬ್ಲೌಸು ತೊಳೆದು ತೊಳೆದು ಜಗ್ಗಿರುತ್ತದೆ, ಕೊಟ್ಟವಳು ದಪ್ಪವಾಗಿರುತ್ತಾಳೆ. ಇಂಥ ಬ್ಲೌಸಿನಿಂದ ಅಳತೆ ತೆಗೆಯುವುದನ್ನು ಬೇರೆಯಾಗಿಯೇ ಕಲಿಸಬೇಕು.

ಇನ್ನು ತರಬೇತಿ ಮುಗಿದ ಮೇಲಿನ ಮಾತು. ಹಳ್ಳಿಯ ಯುವಜನರಿಗೆ ಸ್ವಉದ್ಯೋಗದ ತರಬೇತಿ ಕೊಡಲು 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ನಿಮಗೆ ಗೊತ್ತೇ ಇರುತ್ತದೆ. ಅದೇ ಮಾದರಿಯಲ್ಲಿ ಈಗ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ಆರ್‌ಸೆಟಿ ಎಂಬ ತರಬೇತಿ ಕೇಂದ್ರ ನಡೆಸುತ್ತಿವೆ. ಅಲ್ಲಿ ಊಟ, ವಸತಿ, ಕಲಿಕೆ ಎಲ್ಲ ಉಚಿತ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು, ಕಲಿತು ಹೋದವರನ್ನು ಎರಡು ವರ್ಷ ಬೆನ್ನುಹತ್ತಿ ವಿಚಾರಿಸುವ ಪದ್ಧತಿ. ನಿಮ್ಮ ಸಂಘ ಅಷ್ಟು ಮಾಡದಿದ್ದರೂ ಪರವಾಗಿಲ್ಲ. ಈಗ ಹೊಲಿಯುತ್ತಿರುವ ಆ ನಾಲ್ವರ ಪಕ್ಕ ಉಳಿದವರನ್ನು ಒಂದೆರಡು ತಿಂಗಳು ಕೂರಿಸಿ. ಕಟಿಂಗ್ ಆ ನಾಲ್ವರು ಮಾಡಲಿ, ಹುಕ್ಸು, ಹೆಮ್ಮಿಂಗು, ಫಾಲ್ ಉಳಿದವರು ಮಾಡಲಿ, ಕೂಲಿ ಹಂಚಿಕೊಳ್ಳಲಿ. ಹಾಗೆಯೇ ಒಂದೇ ಊರಲ್ಲಿ ಇಪ್ಪತ್ತು ಬ್ಲೌಸ್ ಟೇಲರ್‌ಗಳಿಗೆ ಕೆಲಸ ಎಲ್ಲಿಂದ ಬರಬೇಕು? ಇಬ್ಬರು ಫಾಲ್ ಮತ್ತು ಜಿಗ್‌ಜಾಗ್ ಹಿಡಿಯಲಿ, ಇಬ್ಬರು ಸೀರೆ ಕುಚ್ಚು ಕಟ್ಟಲಿ.

ಕುಶಲಕರ್ಮಿಗಳಿಗಾಗಿ ಇರುವ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯ ಬಗ್ಗೆ ನೀವು ಪ್ರಶ್ನೆ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಈ ಯೋಜನೆಯ 18 ಕಸುಬುಗಳಲ್ಲಿ ಟೇಲರಿಂಗ್ ಕೂಡ ಇದೆ. ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಗೆ ಮೊದಲ ಸಾಲ 1 ಲಕ್ಷದವರೆಗೆ. ಆದರೆ ಇದು ಈಗಾಗಲೇ ಕಸುಬು ಮಾಡುತ್ತಿರುವವರಿಗೆ, ಕುಟುಂಬದಲ್ಲಿ ಒಬ್ಬರಿಗೆ ಮಾತ್ರ.

ಕಸೂತಿ ಬಗ್ಗೆ ನನಗೆ ಅಳುಕಿದೆ. ಎಳೆ ಎಣಿಸಿ, ಗಂಟು ಹಾಕದೆ, ಒಳಗೂ ಹೊರಗೂ ಒಂದೇ ಥರ ಕಾಣುವ ಹಾಗೆ ಗವಂತಿ ಎಂಬ ಕಸೂತಿ ಹೊಲಿಗೆ ಹಾಕುವುದು ಸುಲಭದ ಕೆಲಸವಲ್ಲ. ಅಷ್ಟು ಕಣ್ಣು ನೋಯಿಸಿಕೊಂಡದ್ದಕ್ಕೆ ಊರಿನ ಗಿರಾಕಿ ದುಡ್ಡು ಕೊಡುವುದಿಲ್ಲ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಹೊರದೇಶದವರ ತನಕ ಮುಟ್ಟಿದ್ದು ನಿಜ. ಆದರೆ ಅಲ್ಲಿ ಮಾರುವ ಹೊಣೆ ಹೊರಲು ಸಂಡೂರು ಕುಶಲ ಕಲಾ ಕೇಂದ್ರ ಇದೆ. ನಿಮ್ಮಲ್ಲಿ ಆ ಹೊಣೆ ಯಾರದು? ಅದು ಇತ್ಯರ್ಥವಾಗುವ ತನಕ ಬೇಡ.

ಹೊಸ ಬ್ಯಾಚ್ ಮಾಡಿ, ಆದರೆ ಜೂನ್‌ನಲ್ಲಿ ಖಂಡಿತ ಬೇಡ. ಬಿತ್ತನೆ, ಅದರ ಬೆನ್ನಿಗೇ ಕಳೆ, ಯಾರೂ ಬರುವುದಿಲ್ಲ. ಸುಗ್ಗಿ ಮುಗಿದ ಮೇಲೆ ಇಟ್ಟುಕೊಳ್ಳಿ, ಇಪ್ಪತ್ತರ ಬದಲು ಎಂಟು ಜನರನ್ನು ತೆಗೆದುಕೊಳ್ಳಿ. ಸರ್ಕಾರಿ ಶಾಲೆಗೆ ಸಮವಸ್ತ್ರದ ಬಟ್ಟೆ ಬಂದಾಗ ಹೊಲಿಸುವ ಪಾಡು ತಂದೆತಾಯಿಯದು ಅನ್ನುವುದು ಶಿಕ್ಷಕಿಯಾಗಿದ್ದ ನಿಮಗೆ ನಾನು ಹೇಳಬೇಕಿಲ್ಲ. ಆ ಹೊಲಿಗೆ ನಿಮ್ಮ ಹೆಣ್ಣುಮಕ್ಕಳಿಗೆ ಸಿಗಲಿ ಎಂದು ನಿಮ್ಮ ಹಳೇ ಶಾಲೆಯ ಹೆಡ್‌ಮಾಸ್ಟರನ್ನು ಏಪ್ರಿಲ್‌ನಲ್ಲೇ ಕಂಡು ಮಾತಾಡಿ. ಶಾಲೆ ಶುರುವಾದ ಮೇಲೆ ಹೋದರೆ ಪೇಟೆಯ ಟೇಲರ್ ಆಗಲೇ ಅಳತೆ ತೆಗೆದುಕೊಂಡು ಹೋಗಿರುತ್ತಾನೆ.

— ಸಂಪಾದಕ