ಕನ್ನಡ ಮೀಡಿಯಂನಲ್ಲಿ ಓದಿದವರು ವಿದೇಶಿ ಭಾಷೆಯಲ್ಲಿ ಡಿಗ್ರಿ ಮಾಡಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು. ತುಮಕೂರಿನಲ್ಲಿ ಪಿಯುಸಿ ಮುಗಿಸಿದ್ದೀರಿ, ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ. ಬೆಂಗಳೂರಿಗೆ ಬಂದು ಜರ್ಮನ್ನೋ ಫ್ರೆಂಚೋ ಓದಬೇಕು ಅಂತ ಆಸೆ, ಮನೆಯಲ್ಲಿ ಬಿ.ಕಾಂ. ಮಾಡು ಅನ್ನುತ್ತಾರೆ. ಇಂಗ್ಲಿಷೇ ಸರಿಯಾಗಿ ಬರದವರಿಗೆ ಇನ್ನೊಂದು ಭಾಷೆ ತಲೆಗೆ ಹತ್ತುತ್ತಾ ಅನ್ನುವ ಭಯ ಬೇರೆ.

ಭಯದ ವಿಷಯ ಮೊದಲು ಹೇಳುತ್ತೇನೆ. ನಾನೂ ಅರಸೀಕೆರೆ ಕಡೆಯ ಸರ್ಕಾರಿ ಶಾಲೆಯಲ್ಲಿ ಓದಿದ್ದು. ಬೆಂಗಳೂರಿನಲ್ಲಿ ಬಿ.ಎ. ಮಾಡುವಾಗ ಕನ್ನಡದ ಬದಲು ಜರ್ಮನ್ ತಗೊಂಡೆ, ಆಮೇಲೆ ಹೈದರಾಬಾದಿಗೆ ಹೋಗಿ ಎಂ.ಎ. ಮುಗಿಸಿದೆ. ಈಗ ಇಲ್ಲೇ ಒಂದು ಕಂಪನಿಯಲ್ಲಿ ಜರ್ಮನಿಯ ಗಿರಾಕಿಗಳ ಪತ್ರ, ಕರಾರು, ಫೋನು ಎಲ್ಲಾ ನೋಡಿಕೊಳ್ಳುತ್ತೇನೆ.

ಮೊದಲ ವರ್ಷ ನಾನು ದಡ್ಡರ ಸಾಲಿನಲ್ಲೇ ಇದ್ದೆ. ಜುಲೈ ತಿಂಗಳು, ಹೊರಗೆ ಜಿಟಿಜಿಟಿ ಮಳೆ. ಟೀಚರ್ ಕಿಟಕಿ ತೋರಿಸಿ ನನ್ನನ್ನು ಏನೋ ಕೇಳಿದರು. ನಾನು ಮನಸ್ಸಿನಲ್ಲಿ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಜರ್ಮನ್‌ಗೆ ಮಾಡಿ, ಎದ್ದು ನಿಂತು 'ಇಷ್ ಬಿನ್ ಕಾಲ್ಟ್' ಅಂದೆ. 'ಐ ಆಮ್ ಕೋಲ್ಡ್' ಅನ್ನುವುದನ್ನು ಪದಕ್ಕೆ ಪದ ಇಟ್ಟಿದ್ದೆ. ಟೀಚರ್ ನಕ್ಕರು. ಜರ್ಮನ್‌ನಲ್ಲಿ ಅದಕ್ಕೆ 'ನಾನೇ ತಣ್ಣಗಿರುವ ಮನುಷ್ಯ, ಭಾವನೆಯೇ ಇಲ್ಲದವನು' ಅನ್ನುವ ಥರದ ಅರ್ಥ ಬರುತ್ತದಂತೆ. (ಸೆಖೆ ಅಂತ ಹೇಳುವಾಗ ಇದೇ ತಪ್ಪು ಮಾಡಿದರೆ ಇನ್ನೂ ಮರ್ಯಾದೆ ಹೋಗುತ್ತದೆ, ಬಿಡಿ.) ಸರಿಯಾಗಿ ಹೇಳಬೇಕಾದದ್ದು 'ಮಿಯರ್ ಇಸ್ಟ್ ಕಾಲ್ಟ್'. ಮಿಯರ್ ಅಂದರೆ ನನಗೆ. ನನಗೆ ಚಳಿ. ಅಷ್ಟೇ! ನಮ್ಮ ಅಜ್ಜಿ ಹೇಳುವ ಹಾಗೇ ಇದೆ. ನಡುವೆ ಇಂಗ್ಲಿಷನ್ನು ತೂರಿಸದೇ ಇದ್ದಿದ್ದರೆ ಮೊದಲ ಸಲವೇ ಸರಿ ಹೇಳುತ್ತಿದ್ದೆ.

ಅವತ್ತು ಹಾಸ್ಟೆಲಿಗೆ ಬಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದ ವಿಭಕ್ತಿ ಪ್ರತ್ಯಯಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಉ, ಅನ್ನು, ಇಂದ, ಗೆ. ಪಕ್ಕದಲ್ಲಿ ಜರ್ಮನ್‌ನ ನಾಲ್ಕು ವಿಭಕ್ತಿ. ಎಲ್ಲಾ ಒಂದಕ್ಕೊಂದು ಕೂರುವುದಿಲ್ಲ, ಆದರೆ 'ಗೆ' ಇರುವ ಕಡೆ ಮುಕ್ಕಾಲು ಪಾಲು ಅವರದ್ದೂ ಚತುರ್ಥಿಯೇ. ನನಗೆ ಇಷ್ಟ, ಅವನಿಗೆ ಕೊಡು, ನಿನಗೆ ಸಹಾಯ ಮಾಡುತ್ತೇನೆ, ಎಲ್ಲಾ ಅಲ್ಲೂ 'ಗೆ'ಯೇ. ಇಂಗ್ಲಿಷ್ ಮೀಡಿಯಂನ ಗೆಳೆಯರು ಪಟ್ಟಿ ಹಿಡಿದು ಉರು ಹೊಡೆಯುತ್ತಿದ್ದರು, ನನಗೆ ಕಿವಿಗೇ ಗೊತ್ತಾಗುತ್ತಿತ್ತು. ಕ್ರಿಯಾಪದವೂ ಹಾಗೇ. 'ಯಾಕಂದ್ರೆ ನನಗೆ ಇವತ್ತು ಟೈಮ್ ಇಲ್ಲ' ಅನ್ನುವುದಕ್ಕೆ ಅವರು 'ವೈಲ್ ಇಷ್ ಹೊಯ್ಟೆ ಕೈನೆ ತ್ಸೈಟ್ ಹಾಬೆ' ಅನ್ನುತ್ತಾರೆ. ಕ್ರಿಯಾಪದ ಕೊನೆಗೆ ಬಂದು ಕೂತಿದೆ, ನೋಡಿ. ಕೊನೆಯ ತನಕ ಕಾದು ಕೂರುವುದು ಇಂಗ್ಲಿಷ್ ಅಭ್ಯಾಸದವರಿಗೆ ಕಷ್ಟ, ನಾವು ದಿನವಿಡೀ ಮಾಡುವುದೇ ಅದು.

ಹಾಗಂತ ಎಲ್ಲಾ ಸಲೀಸು ಅಂತ ಅಲ್ಲ. ಲಿಂಗ ಇದೆಯಲ್ಲ, ಅದರಲ್ಲಿ ಕನ್ನಡ ಕೈಕೊಡುತ್ತದೆ. ನಮ್ಮಲ್ಲಿ ಅರ್ಥ ನೋಡಿ ಲಿಂಗ. ಅವರಲ್ಲಿ ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ, ಚಾಕು ನಪುಂಸಕ. ಒಂದೇ ತಟ್ಟೆಯ ಪಕ್ಕ ಮೂರೂ! ಹುಡುಗಿ ಅನ್ನುವ 'ಮೇಡ್‌ಶೆನ್' ಪದವೂ ನಪುಂಸಕವೇ, ಯಾಕಂದ್ರೆ ಕೊನೆಗೆ ಪುಟ್ಟದು ಅನ್ನುವ ಪ್ರತ್ಯಯ ಇದೆ. ಇದಕ್ಕೆ ಉರು ಹೊಡೆಯದೆ ಬೇರೆ ದಾರಿ ಇಲ್ಲ.

ಫ್ರೆಂಚ್ ಬಗ್ಗೆಯೂ ಕೇಳಿದ್ದೀರಿ. ನಾನು ಅಷ್ಟು ಆಳ ಇಳಿದಿಲ್ಲ, ಸ್ವಲ್ಪ ಕಲಿತು ಬಿಟ್ಟೆ. ಆದರೆ ಸಂಧಿ ಓದಿದವರಿಗೆ ಅದರ ಉಚ್ಚಾರ ಬೇಗ ಹಿಡಿಯುತ್ತದೆ. 'ಲೆ' ಮತ್ತು 'ಆಮಿ' ಸೇರಿದರೆ ಮಧ್ಯೆ ಒಂದು ಝಕಾರ ಎದ್ದು 'ಲೆಝಾಮಿ' ಆಗುತ್ತದೆ. ಅವರ ವ್ಯಾಕರಣದಲ್ಲಿ ಇದಕ್ಕೆ ಕಾರಣ ಬೇರೆ ಇದೆ, ಆದರೂ ನಾನು ಆಗಮ ಸಂಧಿ ಅಂತಲೇ ನೆನಪಿಟ್ಟುಕೊಂಡೆ. ಇನ್ನು ಜಪಾನೀಸ್ ಅಂತೂ ನಮ್ಮ ನೆಂಟರ ಮನೆಯ ಥರ. ಎರಡು ವರ್ಷದಿಂದ ಕೆಲಸಕ್ಕಾಗಿ ಕಲಿಯುತ್ತಿದ್ದೇನೆ. 'ತಬೆತೆ' ಅಂದರೆ ತಿಂದು, 'ಮಿರು' ಅಂದರೆ ನೋಡುವುದು, ಎರಡೂ ಸೇರಿದರೆ 'ತಬೆತೆ ಮಿರು', ತಿಂದು ನೋಡುವುದು. 'ಕಾಯ್ತೆ ಓಕು' ಅಂದರೆ ಬರೆದು ಇಡುವುದು, ಅಂದರೆ ಬರೆದಿಡು. ಇದನ್ನು ಮೊದಲ ಸಲ ನೋಡಿದಾಗ ನಾನು ಬಸ್ಸಿನಲ್ಲಿ ಒಬ್ಬನೇ ನಕ್ಕಿದ್ದೆ. ಲಿಪಿ ಮಾತ್ರ ಪ್ರಾಣ ತಿನ್ನುತ್ತದೆ.

ಆದರೂ ಒಂದು ಬೇಜಾರಿದೆ. ಎಂ.ಜಿ. ರೋಡಿನಲ್ಲಿ ಕಿಟೆಲ್ ಅವರ ಪ್ರತಿಮೆ ನೋಡಿದ್ದೀರಾ? ಜರ್ಮನಿಯಿಂದ ಬಂದು ಕನ್ನಡ ಕಲಿತು, 1894ರಲ್ಲಿ ಆ ದೊಡ್ಡ ನಿಘಂಟು ತಂದ ಪುಣ್ಯಾತ್ಮ. ಅವರದ್ದೂ ಕನ್ನಡ-ಇಂಗ್ಲಿಷ್ ನಿಘಂಟೇ. ಇವತ್ತಿಗೂ ಕ್ಲಾಸಿನಲ್ಲಿ ನಮಗೆ ಇಂಗ್ಲಿಷೇ ಸೇತುವೆ. ಅದಕ್ಕೇ ಹೇಳುವುದು, ಕನ್ನಡದಲ್ಲಿ ನಿಮ್ಮದೇ ಒಂದು ನೋಟ್‌ಬುಕ್ ಮಾಡಿಕೊಳ್ಳಿ. ಪಾಠ ಅರ್ಥವಾಗುವಷ್ಟು ಇಂಗ್ಲಿಷ್ ಸಾಕು, ಅದು ಮೂರ್ನಾಲ್ಕು ತಿಂಗಳಲ್ಲಿ ಬರುತ್ತದೆ.

ಈಗ ಡಿಗ್ರಿ ವಿಷಯ. ಬೆಂಗಳೂರಿನ ಬಹಳಷ್ಟು ಕಾಲೇಜುಗಳಲ್ಲಿ ಫ್ರೆಂಚ್, ಜರ್ಮನ್ ಇರುವುದು ಬರೀ ಒಂದು ಭಾಷಾ ಪೇಪರ್ ಆಗಿ. ಮಾರ್ಕ್ಸ್ ಜಾಸ್ತಿ ಬರುತ್ತದೆ ಅಂತ ತಗೊಳ್ಳುವವರೇ ಹೆಚ್ಚು, ಡಿಗ್ರಿ ಮುಗಿಸಿಯೂ ಒಂದು ಟೀ ಆರ್ಡರ್ ಮಾಡಲು ಬರುವುದಿಲ್ಲ. ಭಾಷೆಯನ್ನೇ ಮುಖ್ಯ ವಿಷಯವಾಗಿ ಓದಬೇಕು ಅಂದರೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಾದ ಇಎಫ್‌ಎಲ್‌ಯು, ದೆಹಲಿಯ ಜೆಎನ್‌ಯು ನೋಡಿ. ಜೆಎನ್‌ಯು ಬಿ.ಎ.ಗೆ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಎರಡೂ ಕೇಂದ್ರೀಯ ವಿಶ್ವವಿದ್ಯಾಲಯ, ಫೀಸು ಕಮ್ಮಿ. ಮನೆಯವರಿಗೆ ಇದನ್ನು ಮೊದಲು ಹೇಳಿ, ಮಿಕ್ಕಿದ್ದು ಆಮೇಲೆ.

ಬೆಂಗಳೂರು ಬಿಡುವ ಹಾಗಿಲ್ಲ ಅಂದರೆ ಬಿ.ಕಾಂ. ಮಾಡುತ್ತಲೇ ಹೊರಗೆ ಕಲಿಯಬಹುದು. ಜರ್ಮನ್‌ಗೆ ಇಂದಿರಾನಗರದ ಸಿ.ಎಂ.ಎಚ್. ರೋಡಿನಲ್ಲಿ ಮ್ಯಾಕ್ಸ್ ಮ್ಯುಲರ್ ಭವನ, ಮೆಟ್ರೋ ಇಳಿದು ನಡೆದರೆ ಸಿಗುತ್ತದೆ. ಫ್ರೆಂಚ್‌ಗೆ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್. ಜರ್ಮನ್ ಎ1, ಅಂದರೆ ಮೊದಲ ಮೆಟ್ಟಿಲಿನ ಕ್ಲಾಸಿಗೆ ಒಮ್ಮೆ ಹೋಗಿ ನೋಡಿ, ಗಂಡ ಜರ್ಮನಿಯಲ್ಲಿದ್ದು ವೀಸಾಕ್ಕಾಗಿ ಕಲಿಯಲು ಬಂದ ಹೊಸ ಮದುಮಗಳು, ನರ್ಸ್ ಕೆಲಸಕ್ಕೆ ಹೊರಟವರು, ಎಂ.ಎಸ್.ಗೆ ಹೊರಟ ಇಂಜಿನಿಯರುಗಳು, ಎಲ್ಲಾ ಒಂದೇ ಬೆಂಚಿನಲ್ಲಿ. ನನ್ನ ಪ್ರಕಾರ ಬೆಂಗಳೂರಿನ ಅತಿ ಚೆಂದದ ಕ್ಲಾಸ್‌ರೂಮ್ ಅದು.

ಕೆಲಸ ಸಿಗುತ್ತಾ? ಸಿಗುತ್ತದೆ, ಆದರೆ ಡಿಗ್ರಿ ಸರ್ಟಿಫಿಕೇಟು ನೋಡಿ ಅಲ್ಲ. ಇಂಟರ್‌ವ್ಯೂನಲ್ಲಿ ಕೇಳುವ ಮೊದಲ ಮಾತೇ 'ಯಾವ ಲೆವೆಲ್?' ಅಂತ. ಎ1ರಿಂದ ಸಿ2 ತನಕ ಆರು ಮೆಟ್ಟಿಲು. ಬಿ2 ಇಲ್ಲದಿದ್ದರೆ ಮಾತು ಮುಂದುವರಿಯುವುದು ಕಷ್ಟ. ಮ್ಯಾಕ್ಸ್ ಮ್ಯುಲರ್ ಭವನದ ಬಿ2 ಪರೀಕ್ಷೆಯಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ, ಪ್ರತಿಯೊಂದರಲ್ಲೂ ನೂರಕ್ಕೆ 60 ಬೇಕು. ಒಂದು ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು. ನಾನು ಕೇಳುವುದರಲ್ಲಿ ಒಮ್ಮೆ ಡುಮ್ಕಿ ಹೊಡೆದವನೇ.

ಕೇಳುವುದರಲ್ಲಿ ನನ್ನ ಶತ್ರು ಅಂಕಿಗಳು. ನಾವು ಮೂವತ್ತೈದು ಅನ್ನುತ್ತೇವೆ, ಅವರು 'ಐದು ಮತ್ತು ಮೂವತ್ತು' ಅನ್ನುತ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಫೋನಿನಲ್ಲಿ 'ಫ್ಯುನ್ಫ್' ಅಂತ ಕೇಳಿದ ಕೂಡಲೇ ಐದು ಬರೆದು, ಪಕ್ಕದಲ್ಲಿ ಮೂರು ಬರೆದೆ. 35 ಪೆಟ್ಟಿಗೆ ಹೋಗಬೇಕಾದ ಕಡೆಗೆ 53ಕ್ಕೆ ಆರ್ಡರ್ ಹೋಯಿತು. ಈಗಲೂ ಅಂಕಿ ಪೂರ್ತಿ ಕೇಳುವ ತನಕ ಪೆನ್ನು ಮೇಲೆತ್ತಿಯೇ ಇಟ್ಟುಕೊಂಡಿರುತ್ತೇನೆ.

ಹಾಗಾದರೆ ಬರೀ ಭಾಷೆ ಕಲಿತರೆ ಸಾಲದಾ, ಸಾಹಿತ್ಯ, ಇತಿಹಾಸ, ಸಂಸ್ಕೃತಿ ಅಂತ ಎಂ.ಎ. ಯಾಕೆ? ನಾನೂ ಹೀಗೇ ಗೊಣಗುತ್ತಿದ್ದೆ. ಆಮೇಲೆ ಒಂದು ಗುರುವಾರ ಗಿರಾಕಿಯೊಬ್ಬರು 'ವಾರದೊಳಗೆ ಮುಗಿಸಬಹುದಾ?' ಅಂದರು. ನಾನು 'ಹೂಂ, ನೋಡೋಣ' ಅನ್ನುವ ಅರ್ಥದಲ್ಲಿ 'ಹೌದು, ಮಾಡುತ್ತೇವೆ' ಅಂದುಬಿಟ್ಟೆ. ನಮ್ಮಲ್ಲಿ ನೋಡೋಣ ಅಂದರೆ ಅರ್ಧ ಇಲ್ಲ ಅಂತಲೇ, ಅಲ್ವಾ? ಅವರು ಅದನ್ನು ಡೈರಿಯಲ್ಲಿ ಬರೆದುಕೊಂಡು ಮುಂದಿನ ಗುರುವಾರ ಬೆಳಿಗ್ಗೆ ಸರಿಯಾಗಿ ಫೋನ್ ಮಾಡಿದರು. ಕೋಪ ಮಾಡಿಕೊಳ್ಳಲಿಲ್ಲ, 'ಆಗಲ್ಲ ಅಂತ ಅವತ್ತೇ ಹೇಳಬಹುದಿತ್ತಲ್ಲ' ಅಂದರು, ಅದು ಕೋಪಕ್ಕಿಂತ ಜಾಸ್ತಿ ಚುಚ್ಚಿತು. ಇನ್ನೊಬ್ಬರು ಲೈಪ್‌ತ್ಸಿಗ್ ಊರಿನವರು, ಮಾತು ಮಾತಿಗೂ 'ವೆಂಡೆಗೆ ಮುಂಚೆ' ಅನ್ನುತ್ತಾರೆ. ವೆಂಡೆ ಅಂದರೆ ತಿರುವು, 1989ರಲ್ಲಿ ಬರ್ಲಿನ್ ಗೋಡೆ ಬಿದ್ದು ಮರುವರ್ಷ ಎರಡು ಜರ್ಮನಿ ಒಂದಾದ ಕಾಲ. ಪೂರ್ವ ಜರ್ಮನಿಯಲ್ಲಿ ಬೆಳೆದವರಿಗೆ ಅದು ಹಬ್ಬವೂ ಹೌದು, ಫ್ಯಾಕ್ಟರಿ ಮುಚ್ಚಿ ಮನೆಯವರ ಕೆಲಸ ಹೋದ ಕಾಲವೂ ಹೌದು. ಕ್ಲಾಸಿನಲ್ಲಿ ಅದನ್ನು ಓದಿರದಿದ್ದರೆ ನಾನು ಸುಮ್ನೆ ಕಂಗ್ರಾಜುಲೇಷನ್ಸ್ ಅಂದುಬಿಡುತ್ತಿದ್ದೆ.

ಹಾಗಾಗಿ ಕಥೆ, ಕವಿತೆ, ಇತಿಹಾಸ ಓದುವ ಹುಚ್ಚಿದ್ದರೆ ಬಿ.ಎ. ಮಾಡಿ. ಬರೀ ಕೆಲಸಕ್ಕೆ ಅಂದರೆ ಮನೆಯವರು ಹೇಳಿದ್ದೇ ಸರಿ, ಬಿ.ಕಾಂ. ಜೊತೆಗೆ ಬಿ2 ಇರುವವರನ್ನು ಅಕೌಂಟ್ಸ್ ಕೆಲಸಕ್ಕೆ ನಮ್ಮ ಆಫೀಸಿನಲ್ಲೇ ಹುಡುಕುತ್ತಿರುತ್ತಾರೆ. ಎರಡರಲ್ಲಿ ಯಾವುದಕ್ಕೆ ಹೋದರೂ ಭಾಷೆ ಮಾತ್ರ ಒಂದೇ ಹಿಡಿದುಕೊಳ್ಳಿ. ಮೂರು ಭಾಷೆಯಲ್ಲಿ ಎ1 ಇರುವವರನ್ನು ತುಂಬಾ ನೋಡಿದ್ದೇನೆ, ಮೂರರಲ್ಲೂ ಹೆಸರು, ಊರು ಹೇಳಿ ನಿಲ್ಲುತ್ತಾರೆ.

ಇನ್ನೊಂದು, ಇಲ್ಲಿ ಕಾಲೇಜು ಸೇರುವುದಾದರೆ ಆಫೀಸಿನಲ್ಲಿ ಬಿಲ್ಡಿಂಗು, ಫೀಸು ಕೇಳುವ ಮೊದಲು ಆ ಭಾಷೆಗೆ ಪೂರ್ಣಾವಧಿ ಟೀಚರ್ ಇದ್ದಾರಾ ಅಂತ ಕೇಳಿ. ನನ್ನ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್ ಇದ್ದರು, ಎರಡನೇ ಸೆಮಿಸ್ಟರಿನ ಮಧ್ಯೆ ಸಂಬಳ ಸರಿಯಾಗಿ ಸಿಗುತ್ತಿಲ್ಲ ಅಂತ ಬಿಟ್ಟು ಹೋದರು. ಆರು ವಾರ ಪಾಠ ಇಲ್ಲ. ನಾವು ಹನ್ನೊಂದು ಜನ ಖಾಲಿ ಕ್ಲಾಸಿನಲ್ಲಿ ಕೂತು, ಒಬ್ಬರಿಗೊಬ್ಬರು ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ ಅಂತ ಒಪ್ಪಿಸಿಕೊಳ್ಳುತ್ತಿದ್ದೆವು.